ರಸ್ತೆಯ ಅಳತೆಗೆ ಹುಟ್ಟಿದ ದೋಣಿ

ಹೋಬಿ 16 ಎಂಬ ಅವಳಿ ಒಡಲಿನ ಹಾಯಿದೋಣಿಯ ಅಗಲ 7 ಅಡಿ 11 ಇಂಚು. ಅಮೆರಿಕದ 1956ರ ಹೆದ್ದಾರಿ ಕಾಯ್ದೆ ಅಂತರರಾಜ್ಯ ರಸ್ತೆಗಳಲ್ಲಿ ಓಡುವ ವಾಹನಗಳ ಅಗಲಕ್ಕೆ ಹಾಕಿದ್ದ ಮಿತಿ 8 ಅಡಿ. ಈ ಒಂದು ಇಂಚಿನ ಅಂತರವನ್ನು ಕಾಕತಾಳೀಯ ಎಂದು ಒಪ್ಪುವುದು ಕಷ್ಟ. ಇಂಥ ಅವಳಿ ಒಡಲಿನ ದೋಣಿ, ಅಂದರೆ ಕ್ಯಾಟಮರಾನ್, ಅಗಲವಾದಷ್ಟೂ ಗಾಳಿಗೆ ಮಗುಚುವ ಭಯ ಕಡಿಮೆ; ಹೀಗಿದ್ದೂ ಅದರ ಅಗಲಕ್ಕೆ ಲಗಾಮು ಹಾಕಿದ್ದು ಟಾರು ರಸ್ತೆ.

ಈ ಬಗೆಯ ದೋಣಿಯ ವೇಗ ಗೊತ್ತಿಲ್ಲದ ಸಂಗತಿಯೇನೂ ಆಗಿರಲಿಲ್ಲ. 1876ರಲ್ಲಿ ನಥಾನಿಯಲ್ ಹೆರೆಶಾಫ್ ತನ್ನ ‘ಅಮರಿಲಿಸ್’ ಅನ್ನು ನ್ಯೂಯಾರ್ಕಿನ ಪಂದ್ಯಕ್ಕೆ ತಂದು ಎದುರಾಳಿಗಳನ್ನೆಲ್ಲ ಹಿಂದೆ ಹಾಕಿದ. ಸೋತವರು ತಕರಾರು ತೆಗೆದರು, ಗೆದ್ದ ದೋಣಿ ಅನರ್ಹವಾಯಿತು. ಆಮೇಲೆ 1950ರ ದಶಕದಲ್ಲಿ ಇಂಗ್ಲೆಂಡಿನ ಕ್ಯಾನ್ವೆ ದ್ವೀಪದ ಪ್ರೌಟ್ ಸಹೋದರರು ‘ಶಿಯರ್‌ವಾಟರ್’ ಕಟ್ಟುವವರೆಗೂ ಇದು ಕೆಲವೇ ಉತ್ಸಾಹಿಗಳ ಹುಚ್ಚಾಗಿ ಉಳಿದಿತ್ತು.

ಅದನ್ನು ಮಧ್ಯಮ ವರ್ಗದ ಮನೆಯಂಗಳಕ್ಕೆ ತಂದವನು ಕ್ಯಾಲಿಫೋರ್ನಿಯಾದ ಹೋಬಿ ಆಲ್ಟರ್. ಅಲೆಗಳ ಮೇಲೆ ಜಾರುವ ಸರ್ಫ್ ಹಲಗೆ ಮಾಡುತ್ತಿದ್ದ ಆಸಾಮಿ. 1954ರಲ್ಲಿ ಡಾನಾ ಪಾಯಿಂಟ್‌ನಲ್ಲಿ ಅಂಗಡಿ ತೆರೆದಿದ್ದ. ಗಟ್ಟಿ ಅಟ್ಟೆಯ ಶೂ ತೊಡದೆ, ಪೆಸಿಫಿಕ್ ಕೋಸ್ಟ್ ಹೈವೇಯಿಂದ ಪೂರ್ವಕ್ಕೆ ಕೆಲಸಕ್ಕೆ ಹೋಗದೆ ಬದುಕಬೇಕೆಂಬುದು ಅವನ ಆಸೆಯಾಗಿತ್ತಂತೆ. 1968ರ ಹೊತ್ತಿಗೆ ಹೋಬಿ 14, ಅದರ ಬೆನ್ನಿಗೇ ಹೋಬಿ 16 ಬಂದವು. ತಳದಲ್ಲಿ ಇಳಿಬಿಡುವ ಹಲಗೆ ಇಲ್ಲ, ನೇರ ಮರಳಿನ ಮೇಲೇ ಏರಿಸಿ ನಿಲ್ಲಿಸಬಹುದು. 145 ಕಿಲೋ ತೂಕದ ಹೋಬಿ 16 ಅನ್ನು ಸಾಧಾರಣ ಕಾರೇ ಎಳೆಯುತ್ತದೆ. ಬಂದರಿನಲ್ಲಿ ಜಾಗ ಹಿಡಿದು ಬಾಡಿಗೆ ತೆರಬೇಕಿಲ್ಲ. ಹೀಗಾಗಿ ಹೋಬಿಯ ದೋಣಿಗಳು ಆ ಹೈವೇಯನ್ನು ದಾಟಿ, ಕಡಲನ್ನೇ ಕಾಣದ ಒಳನಾಡಿನ ಕೆರೆಗಳವರೆಗೂ ಟ್ರೇಲರ್ ಏರಿ ಹೋದವು. ಕಂಪನಿ 1976ರಲ್ಲಿ ಕೋಲ್‌ಮನ್ ಸಂಸ್ಥೆಯ ಪಾಲಾಯಿತು.

ಟ್ರೇಲರ್ ಜೊತೆಗೆ ಬಿಗಿಯುವ ವಿದ್ಯೆಯೂ ಬೆಳೆಯಿತು. ಈ ದೋಣಿಯ ಒಡಲೆಂದರೆ ತೆಳುವಾದ ಎರಡು ಫೈಬರ್‌ಗ್ಲಾಸ್ ಪದರ, ನಡುವೆ ಫೋಮ್. ಅದರ ಬೆನ್ನ ಮೇಲೆ ಪಟ್ಟಿ ಹಾಯಿಸಿ ಜಗ್ಗಿದರೆ, ನೂರಾರು ಮೈಲಿಯ ಕುಲುಕಾಟದಲ್ಲಿ ಒಳಗಿನ ಫೋಮ್ ನಲುಗಿ ಪದರ ಬಿಡುತ್ತದೆ. ಅನುಭವಸ್ಥರು ಒಡಲನ್ನು ಮುಟ್ಟದೆ, ಎರಡೂ ಒಡಲುಗಳನ್ನು ಕೂಡಿಸುವ ಅಲ್ಯೂಮಿನಿಯಂ ಅಡ್ಡತೊಲೆಗಳ ಮೂಲೆಗೆ ಪಟ್ಟಿ ಹಾಕುತ್ತಾರೆ. ಒಡಲು ಕೂರುವುದು ಮೆತ್ತೆ ಹೊದಿಸಿದ ತೊಟ್ಟಿಲುಗಳಲ್ಲಿ ಅಥವಾ ರಬ್ಬರ್ ಉರುಳೆಗಳ ಮೇಲೆ. ಬ್ರೇಕ್ ಹಾಕಿದಾಗ ದೋಣಿ ಮುಂದೆ ಜಾರದಂತೆ ಮೂತಿಗೆ ಬೇರೆ ಹಗ್ಗ. ಪಟ್ಟಿಗೆ ಒಂದೆರಡು ಸುತ್ತು ತಿರುಚು ಕೊಡುವುದೂ ಉಂಟು, ಇಲ್ಲದಿದ್ದರೆ ಗಾಳಿಗೆ ಅದು ದಾರಿಯುದ್ದಕ್ಕೂ ಗುಂಯ್‌ಗುಡುತ್ತದೆ. ಚುಕ್ಕಾಣಿಗಳನ್ನು ಕಳಚಿ ಡಿಕ್ಕಿಗೆ ಹಾಕುತ್ತಾರೆ. ಹಾಯಿಕಂಬದ್ದು ಬೇರೆಯೇ ಫಜೀತಿ: 16 ಅಡಿ 7 ಇಂಚಿನ ದೋಣಿಗೆ 26 ಅಡಿ 6 ಇಂಚಿನ ಕಂಬ! ಅದನ್ನು ಮಲಗಿಸಿ ಮುಂದೊಂದು ಕವಲುಗಂಬದ ಮೇಲೆ ಇಟ್ಟರೂ ಹಿಂದೆ ಚಾಚಿಕೊಳ್ಳುತ್ತದೆ. 4 ಅಡಿ ಅಥವಾ ಅದಕ್ಕೂ ಹೆಚ್ಚು ಚಾಚಿದರೆ ಹಗಲಲ್ಲಿ ತುದಿಗೆ ಕೆಂಪು ಇಲ್ಲವೇ ಹೊಳೆಯುವ ಕಿತ್ತಳೆ ಬಟ್ಟೆ ಕಟ್ಟಬೇಕೆಂದು ಕ್ಯಾಲಿಫೋರ್ನಿಯಾದ ಕಾನೂನು.

ರಸ್ತೆಯನ್ನು ಲೆಕ್ಕಕ್ಕೇ ಇಡದ ದೋಣಿಯೂ ಇತ್ತು. 1967ರಲ್ಲಿ ರಾಡ್ನಿ ಮಾರ್ಚ್ ರೂಪಿಸಿದ ‘ಟಾರ್ನೆಡೊ’ 20 ಅಡಿ ಉದ್ದ, 10 ಅಡಿ ಅಗಲ. 1976ರಿಂದ 2008ರವರೆಗೆ ಒಲಿಂಪಿಕ್ಸ್‌ನಲ್ಲಿ ಓಡಿದ ಈ ಚೆಲುವೆಯನ್ನು ಊರಿಂದೂರಿಗೆ ಒಯ್ಯಲು ಇದ್ದದ್ದು ಎರಡು ದಾರಿ. ಬೋಲ್ಟ್ ಬಿಚ್ಚಿ ಒಡಲುಗಳನ್ನು ಬೇರೆ ಮಾಡುವುದು ಒಂದು. ಒಂದು ಪಕ್ಕ ಎತ್ತಿ ವಾಲಿಸುವ ವಿಶೇಷ ಟ್ರೇಲರ್‌ನಲ್ಲಿ ಓರೆಯಾಗಿ ಬಿಗಿಯುವುದು ಇನ್ನೊಂದು. ಬಿಚ್ಚಿ ಕಟ್ಟುವುದು ನಮ್ಮ ಪೂರ್ವ ಕರಾವಳಿಯ ಬೆಸ್ತರಿಗೆ ಹೊಸದಲ್ಲ: ಮೀನು ಹಿಡಿದು ಬಂದ ಮೇಲೆ ಕಟ್ಟುಮರದ ಹಗ್ಗ ಸಡಿಲಿಸಿ, ದಿಮ್ಮಿಗಳನ್ನು ಮರಳ ಮೇಲೆ ಒಣಗಲು ಬಿಡುವುದು ಅವರ ನಿತ್ಯದ ರೂಢಿಯಾಗಿತ್ತು. ಒಲಿಂಪಿಕ್ ದೋಣಿಯಲ್ಲಿ ಮಾತ್ರ ಪ್ರತಿ ಸಲವೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದಂತೆ ಮತ್ತೆ ಜೋಡಿಸಬೇಕು, ಅದಕ್ಕೇ ಸಾಕಷ್ಟು ಹೊತ್ತು ಹಿಡಿಯುತ್ತದೆ. ಇತ್ತ ರಸ್ತೆಯ ಮಿತಿಯೂ ಸಡಿಲವಾಯಿತು: 1982ರಲ್ಲಿ ಅಮೆರಿಕ ದೊಡ್ಡ ಹೆದ್ದಾರಿಗಳ ಲಾರಿಗಳಿಗೆ ಎಂಟೂವರೆ ಅಡಿ ಅಗಲವನ್ನು ಒಪ್ಪಿಕೊಂಡಿತು. 1990ರ ದಶಕದ ಆರಂಭದಲ್ಲಿ ಬಂದ ಹೋಬಿ 20ರ ಅಗಲ ಸರಿಯಾಗಿ 8 ಅಡಿ 6 ಇಂಚು.

ದೊಡ್ಡ ಅಪಾಯವಿದ್ದದ್ದು ಟ್ರೇಲರ್‌ನಿಂದ ಇಳಿಸಿದ ಮೇಲೆ. ಕಾರು ನಿಲ್ಲಿಸಿದಲ್ಲೇ ಹಾಯಿಕಂಬ ನಿಲ್ಲಿಸಿ, ದೋಣಿಯನ್ನು ನೀರಿನತ್ತ ಉರುಳಿಸುವಾಗ ಅಲ್ಯೂಮಿನಿಯಂ ಕಂಬ ತಲೆಯ ಮೇಲಿನ ವಿದ್ಯುತ್ ತಂತಿಗೆ ತಾಗಿ ಜೀವಗಳು ಹೋದವು, ಮೊಕದ್ದಮೆಗಳು ನಡೆದವು. 1980ರ ದಶಕದಲ್ಲಿ ಹೋಬಿ ಕಂಬದ ಮೇಲ್ಭಾಗವನ್ನು ವಿದ್ಯುತ್ ಹರಿಯದ ಫೈಬರ್‌ಗ್ಲಾಸ್‌ನಿಂದ ಮಾಡತೊಡಗಿತು. ‘ಕಾಂಪ್‌ಟಿಪ್’ ಎಂಬ ಆ ತುಂಡು ಅಲ್ಯೂಮಿನಿಯಂಗಿಂತ ಹೆಚ್ಚು ಬಾಗುತ್ತದೆ, ಹಾಯಿಯ ಆಕಾರ ಕೆಡಿಸುತ್ತದೆ ಎಂದು ಪಂದ್ಯಪಟುಗಳು ಗೊಣಗಿದರೂ ಅಮೆರಿಕದಲ್ಲಿ ಅದೇ ನಿಂತಿತು.