ಭಾನುವಾರದ ಅಲೆಮಾರಿಗಳು

ಹತ್ತೊಂಬತ್ತನೆಯ ಶತಮಾನದ ಲಂಡನ್ ನಗರದಲ್ಲಿ ಭಾನುವಾರವೆಂದರೆ ಅಂಗಡಿಗಳೆಲ್ಲ ಮುಚ್ಚಿ, ಗೃಹಸ್ಥರು ಸಂಸಾರಸಮೇತರಾಗಿ ಇಗರ್ಜಿಗೆ ಹೋಗಿ ಬರುವ ದಿನ. ೧೮೭೯ರಲ್ಲಿ ಅಲ್ಲಿನ ಕೆಲವು ವಿದ್ವಾಂಸರು ಬೇರೊಂದು ಆಚಾರವನ್ನು ಹಿಡಿದರು. ಬೆಳಗಿನ ರೈಲನ್ನೇರಿ ಊರಾಚೆಯ ಯಾವುದಾದರೊಂದು ನಿಲ್ದಾಣದಲ್ಲಿ ಇಳಿಯುವುದು. ಹೊಲ, ಕಾಡು, ಗುಡ್ಡಗಳನ್ನು ಹಾದು ಇಪ್ಪತ್ತು ಇಪ್ಪತ್ತೈದು ಮೈಲಿ ನಡೆಯುವುದು. ಕತ್ತಲೆಯಾದ ಮೇಲೆ ನಗರಕ್ಕೆ ಮರಳುವುದು. ತಮ್ಮ ಕೂಟಕ್ಕೆ ಅವರು 'ಸಂಡೇ ಟ್ರ್ಯಾಂಪ್ಸ್', ಎಂದರೆ ಭಾನುವಾರದ ಅಲೆಮಾರಿಗಳು, ಎಂದು ಹೆಸರಿಟ್ಟರು. ನೆಲೆಯಿಲ್ಲದ ನಿಜವಾದ ಅಲೆಮಾರಿಯನ್ನು ಸೆರೆಗೆ ಕಳುಹಿಸುವ ೧೮೨೪ರ ಶಾಸನವು ಆಗ ಜಾರಿಯಲ್ಲಿತ್ತು. ಉಳ್ಳವರು ಮಾತ್ರ ಅಂಥ ಹೆಸರನ್ನು ವಿನೋದಕ್ಕಾಗಿ ಧರಿಸಬಲ್ಲರು.

ಕೂಟದ ನಾಯಕನು ಲೆಸ್ಲಿ ಸ್ಟೀಫನ್. ಇವನು ಮುಂದೆ ಆಂಗ್ಲರ ರಾಷ್ಟ್ರೀಯ ಚರಿತ್ರಕೋಶದ ಮೊದಲನೆಯ ಸಂಪಾದಕನಾದವನು. ವರ್ಜೀನಿಯಾ ವುಲ್ಫ್ ಎಂಬ ಪ್ರಸಿದ್ಧ ಲೇಖಕಿಯ ತಂದೆ. ಆಲ್ಪ್ಸ್ ಪರ್ವತದ ಶ್ರೆಕ್‌ಹಾರ್ನ್ ಶಿಖರವನ್ನು ೧೮೬೧ರಲ್ಲಿ ಮೊಟ್ಟಮೊದಲು ಏರಿದವರಲ್ಲಿ ಒಬ್ಬನು. ಪಾದ್ರಿಯ ದೀಕ್ಷೆಯನ್ನು ಪಡೆದಿದ್ದು, ನಂಬಿಕೆ ಸಡಿಲಿದುದರಿಂದ ಅದನ್ನು ೧೮೭೫ರಲ್ಲಿ ತ್ಯಜಿಸಿದ್ದನು. ಇಂಥವನಿಗೆ ಭಾನುವಾರ ಬರಿದಾಗಿ ತೋರಿದ್ದರೆ ಸೋಜಿಗವಿಲ್ಲ. ನ್ಯಾಯಶಾಸ್ತ್ರಜ್ಞ ಫ್ರೆಡರಿಕ್ ಪೊಲಕ್, ಇತಿಹಾಸಕಾರ ಮೇಟ್‌ಲ್ಯಾಂಡ್ ಮೊದಲಾದವರು ಅವನ ಜೊತೆಗಾರರು. ಕಾದಂಬರಿಕಾರ ಮೆರೆಡಿತ್ ಬಾಕ್ಸ್ ಹಿಲ್ಲಿನ ತಪ್ಪಲಿನಲ್ಲಿ ಇವರನ್ನು ಎದುರುಗೊಳ್ಳುತ್ತಿದ್ದನು. ಡೌನ್ ಗ್ರಾಮದಲ್ಲಿ ಮುಪ್ಪಿನ ಡಾರ್ವಿನ್ನನೂ ಇವರಿಗೆ ಆತಿಥ್ಯವನ್ನಿತ್ತುದುಂಟು. ಕೂಟದಲ್ಲಿ ಹೆಂಗಸರಿಗೆ ಸ್ಥಾನವಿರಲಿಲ್ಲ.

ನಡಿಗೆಯ ಕಾಲವು ಅಕ್ಟೋಬರಿನಿಂದ ಜೂನ್ ವರೆಗೆ, ಎರಡು ವಾರಕ್ಕೊಮ್ಮೆ. ಎಂದರೆ ಚಳಿಗಾಲ ಪೂರ್ತಿಯಾಗಿ ಅದರೊಳಗೆ ಸೇರಿತ್ತು. ಇಂಗ್ಲೆಂಡಿನ ಚಳಿಗಾಲವು ನಮ್ಮ ಮಾಗಿಯಂತಲ್ಲ. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೆ ಮೊದಲೇ ಹೊತ್ತು ಮುಳುಗುತ್ತದೆ, ದಾರಿಯೆಲ್ಲ ಕೆಸರು, ಎಲೆಯುದುರಿದ ಮರಗಳ ನಡುವೆ ನೋಟವೇನೋ ಬಹುದೂರ ಹರಿಯುತ್ತದೆ, ಆದರೆ ನಿಲ್ಲುವುದಕ್ಕೆ ಚಳಿ ಬಿಡದು. ಅಷ್ಟು ಸಣ್ಣ ಹಗಲಿನಲ್ಲಿ ಇಪ್ಪತ್ತು ಮೈಲಿ ಮುಗಿಯಬೇಕಾದರೆ ಬೇಲಿ ಹಾರಿ ನೇರವಾಗಿ ಹೋಗಬೇಕೆಂಬ ಆಸೆ ಹುಟ್ಟುವುದು ಸಹಜ. ತೊಡಕು ಇದ್ದುದು ಅಲ್ಲಿಯೇ. ಅಕ್ಟೋಬರ್ ಒಂದರಿಂದ ಫೆಬ್ರವರಿ ಒಂದರ ತನಕ ಫೆಸೆಂಟ್ ಹಕ್ಕಿಯ ಬೇಟೆಯ ಕಾಲ. ಭಾನುವಾರ ಬೇಟೆಯಾಡುವುದು ೧೮೩೧ರ ಕಾಯಿದೆಯಿಂದ ನಿಷಿದ್ಧವಾದರೂ, ಹಕ್ಕಿಗಳು ಬೆದರದಂತೆ ಜಮೀನುದಾರರ ಕಾವಲುಗಾರರು ಕಾಡನ್ನು ಕಾಯುತ್ತಿದ್ದರು.

ಅವರನ್ನು ಎದುರಿಸುವುದಕ್ಕೆ ಪೊಲಕ್ಕನು ಒಂದು ಮಂತ್ರವನ್ನು ರಚಿಸಿಕೊಟ್ಟನು. 'ಈ ಭೂಮಿಯ ಮೇಲೆ ದಾರಿಯ ಹಕ್ಕನ್ನಾಗಲಿ ಬೇರಾವ ಹಕ್ಕನ್ನಾಗಲಿ ನಾವು ಸಾಧಿಸುವುದಿಲ್ಲ' ಎಂಬುದು ಅದರ ತಾತ್ಪರ್ಯ. ಕಾವಲುಗಾರನು ಎದುರಾದರೆ ಮಹನೀಯರು ಅದನ್ನು ಗಂಭೀರವಾಗಿ ಪಠಿಸುತ್ತಿದ್ದರಂತೆ. ಇದು ಬರಿಯ ಹಾಸ್ಯವಲ್ಲ. ಆ ದೇಶದ ನ್ಯಾಯದಂತೆ ಪರರ ನೆಲವನ್ನು ಸುಮ್ಮನೆ ದಾಟುವುದು ಅಪರಾಧವಲ್ಲ, ಸಿವಿಲ್ ವ್ಯಾಜ್ಯದ ವಿಷಯ. ಬಹುಕಾಲ ಜನರು ತಡೆಯಿಲ್ಲದೆ ಓಡಾಡಿದರೆ ಅಲ್ಲಿ ದಾರಿಯ ಹಕ್ಕು ಹುಟ್ಟಬಹುದೆಂಬುದೇ ಜಮೀನುದಾರನ ಭಯ. ಮಂತ್ರವು ಆ ಭಯವನ್ನು ಕಳೆಯುತ್ತಿತ್ತು. ಪೊಲಕ್ಕನಿಗೆ ಈ ವಿಷಯ ಅಂಗೈ ನೆಲ್ಲಿಕಾಯಿ. ಸಿವಿಲ್ ಅಪಕೃತ್ಯಗಳನ್ನು ಕುರಿತು ಭಾರತ ಸರ್ಕಾರಕ್ಕಾಗಿ ಮಸೂದೆಯೊಂದನ್ನು ಬರೆದುಕೊಟ್ಟವನು ಅವನೇ, ಅದು ಶಾಸನವಾಗಲಿಲ್ಲ.

೧೮೯೫ರಲ್ಲಿ ಕೂಟವು ಮುಗಿಯಿತು. ಐದು ವರ್ಷಗಳ ತರುವಾಯ, ೧೯೦೦ರ ಸೆಪ್ಟೆಂಬರ್ ೨ರಂದು, ಉಕ್ಕಿನ ನಗರವಾದ ಶೆಫೀಲ್ಡಿನಿಂದ ಮತ್ತೊಂದು ಗುಂಪು ಹೊರಟಿತು. ಯಂತ್ರಕಾರ್ಖಾನೆಯ ಕೆಲಸಗಾರನಾದ ವಾರ್ಡ್ ಎಂಬವನು ಕರೆದೊಯ್ದ ಈ ಹದಿನಾಲ್ಕು ಜನರಲ್ಲಿ ಹೆಂಗಸರೂ ಇದ್ದರು. ಇವರು ಕಿಂಡರ್ ಸ್ಕೌಟ್ ಎಂಬ ಎತ್ತರದ ಬಯಲುಗುಡ್ಡವನ್ನು ಸುತ್ತಿ ಬಂದರು. ವಾರವಿಡೀ ಹೊಗೆಯಲ್ಲಿ ದುಡಿಯುವವರಿಗೆ ಭಾನುವಾರವೊಂದೇ ಬಿಡುವು. ಆದರೆ ಗುಡ್ಡದ ನೆತ್ತಿಯು ಗ್ರೌಸ್ ಹಕ್ಕಿಯ ಬೇಟೆಗೆ ಮೀಸಲು. ೧೯೨೩ರಲ್ಲಿ ಅದರ ಒಡೆಯನು ವಾರ್ಡನ ಮೇಲೆ ನ್ಯಾಯಾಲಯದಿಂದ ಪ್ರತಿಬಂಧಕಾಜ್ಞೆಯನ್ನು ತಂದನು. ಪೊಲಕ್ಕನ ಮಂತ್ರವನ್ನು ಪಠಿಸುವುದು ವಾರ್ಡನಿಗೆ ಸಾಧ್ಯವಿರಲಿಲ್ಲ. ಹಕ್ಕನ್ನು ಸಾಧಿಸುವುದೇ ಅವನ ಉದ್ದೇಶವಾಗಿತ್ತಷ್ಟೆ.

೧೯೩೨ರ ಏಪ್ರಿಲ್ ೨೪, ಅದೂ ಭಾನುವಾರವೇ. ಸುಮಾರು ನಾನೂರು ಮಂದಿ, ಬಹುಪಾಲು ಮ್ಯಾಂಚೆಸ್ಟರಿನ ಕಾರ್ಮಿಕ ತರುಣರು, ಬಹಿರಂಗವಾಗಿ ಸಾರಿಯೇ ಕಿಂಡರನ್ನು ಏರಿದರು. ಕಾವಲುಗಾರರೊಡನೆ ಕೈಕೈ ಮಿಲಾಯಿಸಿತು. ನೆಲ ದಾಟಿದುದು ಅಪರಾಧವಲ್ಲವಾದುದರಿಂದ ಗಲಭೆಯ ಆಪಾದನೆಯನ್ನು ಹೊರಿಸಿ, ಡಾರ್ಬಿಯ ನ್ಯಾಯಾಲಯದಲ್ಲಿ ಐವರಿಗೆ ಎರಡರಿಂದ ಆರು ತಿಂಗಳವರೆಗೆ ಸೆರೆಮನೆಯನ್ನು ವಿಧಿಸಿದರು. ಅವರ ನಾಯಕ ಬೆನ್ನಿ ರಾತ್‌ಮನ್ನನಿಗೆ ಆಗ ಇಪ್ಪತ್ತೇ ವರ್ಷ. ಕಿಂಡರ್ ಇರುವ ಸೀಮೆಯು ೧೯೫೧ರಲ್ಲಿ ಬ್ರಿಟನ್ನಿನ ಮೊದಲನೆಯ ರಾಷ್ಟ್ರೀಯ ಉದ್ಯಾನವಾಯಿತು. ೨೦೦೦ದ ಶಾಸನವು ಇಂಗ್ಲೆಂಡು ವೇಲ್ಸುಗಳ ಬೆಟ್ಟ, ಬಯಲುಗುಡ್ಡ, ಕುರುಚಲು ಬಯಲುಗಳಲ್ಲಿ ಕಾಲ್ನಡೆಯವರಿಗೆ ಹಕ್ಕನ್ನು ಕೊಟ್ಟಿತು. ಸ್ಟೀಫನ್ನನ ಗೆಳೆಯರು ಕೆಸರು ತುಳಿದು ದಾಟುತ್ತಿದ್ದಂಥ ತಗ್ಗುನಾಡಿನ ಖಾಸಗಿ ಕಾಡುಗಳು ಮಾತ್ರ ಆ ಪಟ್ಟಿಗೆ ಸೇರಲಿಲ್ಲ.