ನೆನೆದ ಮರ, ತಣ್ಣನೆಯ ತಾಮ್ರ

ಸಂಕ್ರಾಂತಿ ಬಂತೆಂದರೆ ಗಾಂಧಿ ಬಜಾರಿನಲ್ಲೂ ಮಲ್ಲೇಶ್ವರದ ಎಂಟನೇ ಅಡ್ಡರಸ್ತೆಯಲ್ಲೂ ಎಳ್ಳು-ಬೆಲ್ಲದ ಪಕ್ಕದಲ್ಲಿ ಸಕ್ಕರೆ ಅಚ್ಚಿನ ರಾಶಿ ಏಳುತ್ತದೆ. ಮನೆಯಲ್ಲೇ ಎರೆಯುವವರು ಮರದ ಅಚ್ಚುಗಳನ್ನು ಮೊದಲು ನೀರಲ್ಲಿ ನೆನೆಹಾಕುತ್ತಾರೆ. ಹೋಳುಗಳನ್ನು ಜೋಡಿಸಿ ದಾರವನ್ನೋ ರಬ್ಬರ್ ಬ್ಯಾಂಡನ್ನೋ ಬಿಗಿಯುತ್ತಾರೆ. ಪಾಕವನ್ನು ಸೌಟಿನಿಂದ ಪಾತ್ರೆಯ ಒಳಮೈಗೆ ತಿಕ್ಕಿ, ಹಾಲಿನಂತೆ ಮಬ್ಬಾದ ಕೂಡಲೇ ಸುರಿಯುತ್ತಾರೆ. ಅಚ್ಚನ್ನು ನೆನೆಹಾಕುವುದೇಕೆ? ಅಂಟದಿರಲೆಂದು, ಎಂಬುದು ರೂಢಿಯ ಉತ್ತರ. ಸರಿಯೇ. ಒಣಮರದ ರಂಧ್ರಗಳು ಪಾಕವನ್ನು ಹೀರಿದರೆ ಹರಳುಗಳು ಅಲ್ಲೇ ಬೇರೂರುತ್ತವೆ. ಆದರೆ ನೀರಿನ ಇನ್ನೊಂದು ಕೆಲಸ ಲೆಕ್ಕಕ್ಕೆ ಬರುವುದೇ ಇಲ್ಲ: ಒಣಮರಕ್ಕಿಂತ ಅದು ಮೂರು-ನಾಲ್ಕು ಪಟ್ಟು ಚೆನ್ನಾಗಿ ಬಿಸಿಯನ್ನು ಸಾಗಿಸುತ್ತದೆ, ತನ್ನೊಳಗೆ ಹೆಚ್ಚು ಬಿಸಿಯನ್ನು ಹಿಡಿದುಕೊಳ್ಳುತ್ತದೆ. ಅಚ್ಚೆಂದರೆ ಬಿಸಿ ಹೊರಹೋಗುವ ದಾರಿ. ಎರಕದ ವಿದ್ಯೆ ಬೆಳೆದದ್ದೇ ಈ ದಾರಿಯನ್ನು ಕಿರಿದು ಮಾಡುತ್ತ, ಅಗಲಿಸುತ್ತ.

ಕಂಚುಗಾರರು ಕಿರಿದು ಮಾಡಿದವರು. ಮೇಣದ ಮೂರ್ತಿಗೆ ಮಣ್ಣು ಮೆತ್ತಿ, ಕಾಯಿಸಿ ಮೇಣ ಇಳಿಸಿ, ಆ ಬಿಸಿ ಅಚ್ಚಿಗೇ ಲೋಹ ಹೊಯ್ಯುತ್ತಾರೆ. ಅಚ್ಚು ತಣ್ಣಗಿದ್ದರೆ ಮೂರ್ತಿಯ ಬೆರಳ ತುದಿ ಮುಟ್ಟುವ ಮುಂಚೆಯೇ ಲೋಹ ಹೆಪ್ಪುಗಟ್ಟೀತು. ಈ ಅನುಭವಕ್ಕೊಂದು ಸೂತ್ರ ಸಿಕ್ಕಿದ್ದು 1940ರಲ್ಲಿ, ಖ್ವೊರಿನೊವ್ ಎಂಬ ಎಂಜಿನಿಯರಿನಿಂದ. ಎರಕ ಗಟ್ಟಿಯಾಗುವ ಹೊತ್ತು ಅದರ ಘನಗಾತ್ರವನ್ನು ಮೇಲ್ಮೈಯಿಂದ ಭಾಗಿಸಿದಾಗ ಬರುವ ಸಂಖ್ಯೆಯ ವರ್ಗಕ್ಕೆ ತಕ್ಕಂತೆ ಏರುತ್ತದೆ, 2 ಸೆಂ.ಮೀ. ಘನಕ್ಕೆ ಹಿಡಿಯುವ ಹೊತ್ತಿನ ನಾಲ್ಕರಷ್ಟು 4 ಸೆಂ.ಮೀ. ಘನಕ್ಕೆ ಬೇಕು. ಅಚ್ಚಿನ ವಸ್ತುವೂ ಅದರ ಮೊದಲ ಉಷ್ಣತೆಯೂ ಆ ಸೂತ್ರದ ಒಂದೇ ಸ್ಥಿರಾಂಕದಲ್ಲಿ ಅಡಗಿ ಕೂತಿವೆ. ದಾರಿಯನ್ನು ಹೆಬ್ಬಾಗಿಲಾಗಿಸಿದ್ದು ಅಮೆರಿಕದ ಕ್ಯಾಲ್‌ಟೆಕ್‌ನ ಪೋಲ್ ಡುವೆಜ್ ತಂಡ. 1960ರಲ್ಲಿ ಅವರು ಚಿನ್ನ-ಸಿಲಿಕಾನ್ ಮಿಶ್ರಲೋಹವನ್ನು ಎಷ್ಟು ಬೇಗ ತಣಿಸಿದರೆಂದರೆ, ಹರಳುಗಟ್ಟಲು ಪುರುಸೊತ್ತಿಲ್ಲದೆ ಲೋಹವೇ ಗಾಜಾಯಿತು. ತಿರುಗುವ ತಾಮ್ರದ ಚಕ್ರದ ಮೇಲೆ ಕರಗಿದ ಲೋಹವನ್ನು ಚಿಮ್ಮಿಸುವ ವಿಧಾನ ಇದೇ ದಾರಿಯದು. ಮಲ್ಲೇಶ್ವರದ ಮಗ್ಗುಲಲ್ಲೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾಮಾನಿಯೊ ಚಟ್ಟೋಪಾಧ್ಯಾಯ, ಎಸ್. ರಂಗನಾಥನ್ ಮತ್ತು ಸಂಗಡಿಗರು 1985ರಲ್ಲಿ ಹೀಗೆ ಥಟ್ಟನೆ ತಣಿಸಿದ ಅಲ್ಯುಮಿನಿಯಂ-ಮ್ಯಾಂಗನೀಸ್‌ನಲ್ಲಿ ಹತ್ತು ಮಡಿ ಸಮಮಿತಿಯ ಕ್ವಾಸಿಕ್ರಿಸ್ಟಲ್ (ಅಣುಗಳ ಜೋಡಣೆಯಲ್ಲಿ ಕ್ರಮವಿದ್ದರೂ ಮಾಮೂಲಿ ಹರಳಿನಂತೆ ಮರುಕಳಿಸದ ಘನ) ಗುರುತಿಸಿದರು.

ಸಕ್ಕರೆ ಲೋಹವಲ್ಲವಲ್ಲ, ಎಂದು ಆಕ್ಷೇಪಿಸಬಹುದು. ನಿಜ, ಪಾಕ ಕರಗಿದ ಸಕ್ಕರೆಯಲ್ಲ, ಸಕ್ಕರೆ ಕರಗಿದ ನೀರು. 100 ಗ್ರಾಂ ನೀರು ಕುದಿಯುವ ಬಿಸಿಯಲ್ಲಿ ಸುಮಾರು 480 ಗ್ರಾಂ ಸಕ್ಕರೆ ಹಿಡಿದಿಟ್ಟರೆ, 20 ಡಿಗ್ರಿಯಲ್ಲಿ ಹಿಡಿಯುವುದು ಸುಮಾರು 200 ಗ್ರಾಂ; ಮಿಕ್ಕದ್ದು ಹರಳಾಗಿ ಹೊರಬೀಳಲೇಬೇಕು. ಆ ಹರಳಿಗೆ ಬೀಜ ಬೀಳುವುದು ಪಾತ್ರೆಯಲ್ಲಿ ತಿಕ್ಕುವಾಗಲೇ, ಹಾಗಾಗಿ ಕೆಟ್ಟ ಪಾಕವನ್ನು ಯಾವ ಅಚ್ಚೂ ಉಳಿಸದು. ಆದರೆ ಅಲ್ಯುಮಿನಿಯಂ ಎರಕದವರೂ ಟೈಟಾನಿಯಂ-ಬೋರಾನ್ ಸೇರಿಸಿ ಕಣಕ್ಕೆ ಬೀಜ ಹಾಕುವುದು ಅಚ್ಚಿಗೆ ಹೊಯ್ಯುವ ಮುನ್ನವೇ. ಬೀಜ ಪಾತ್ರೆಯದು, ಬೆಳೆಯುವ ವೇಗ ಅಚ್ಚಿನದು; ಪಾಲು ಎರಡೂ ಕಡೆ ಒಂದೇ. ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ಒಣಮರದಷ್ಟೇ ಮಂದವಾಹಕವಾದ ಸಿಲಿಕೋನ್ ಅಚ್ಚಿನಿಂದಲೂ, ನೆನೆಹಾಕದೆಯೇ, ಗೊಂಬೆ ಚೊಕ್ಕವಾಗಿ ಏಳುತ್ತದಲ್ಲ? ಸಿಲಿಕೋನ್‌ಗೆ ಸಕ್ಕರೆ ಅಂಟುವುದಿಲ್ಲ, ಬಾಗಿಸಿದರೆ ಬಿಡುತ್ತದೆ. ನೀರಿನ ಎರಡು ಕೆಲಸಗಳಲ್ಲಿ ಒಂದನ್ನು ಮಾತ್ರ ಅದು ವಹಿಸಿಕೊಂಡಿದೆ. ತಣಿಸುವುದನ್ನು ಗಾಳಿಗೆ ಬಿಟ್ಟಿದೆ. ಮರದ ಅಚ್ಚಿನವರಿಗಾದರೋ ಎರಡನೇ ಸಲ ಎರೆಯುವ ಮುಂಚೆ ಬೆಚ್ಚಗಾದ ಹೋಳುಗಳನ್ನು ಮತ್ತೆ ನೀರಿನ ಬೋಗುಣಿಗೆ ಹಾಕುವ ಕೆಲಸ ಇದ್ದೇ ಇದೆ.