ಪಂಗಾನಿಯಿಂದ ಪೇಟೆಗೆ: ಕನ್ನಡದಲ್ಲಿ ಒಂದು ಆಡಿಯೋ ನಡಿಗೆ

ನಮ್ಮ ಕನ್ನಡ ಶಾಲೆಯ ಕೊನೆಯ ತರಗತಿಯಲ್ಲಿ ಪ್ರತಿಯೊಬ್ಬರೂ ಚರಿತ್ರೆಗೆ ಸಂಬಂಧಿಸಿದ ಒಂದು ಕೆಲಸ ಮಾಡಬೇಕು. ನಾನು ಆರಿಸಿಕೊಂಡದ್ದು ಆಡಿಯೋ ನಡಿಗೆ. ಇದಕ್ಕೆ ಗೈಡ್ ಬೇಕಿಲ್ಲ. ಫೋನಿನಲ್ಲಿ ಧ್ವನಿಮುದ್ರಣ ಹಾಕಿಕೊಂಡು, ಅದು ಹೇಳಿದ ಕಡೆ ನಿಂತು, ಹೇಳಿದ ಕಡೆ ನೋಡುತ್ತಾ, ನಮ್ಮಷ್ಟಕ್ಕೆ ನಾವೇ ಊರಿನ ಹಳೆಯ ಕಟ್ಟಡಗಳನ್ನು ತಿಳಿದುಕೊಳ್ಳುವುದು. ಇಂಥ ನಡಿಗೆಗಳು ಇಂಗ್ಲಿಷಿನಲ್ಲಿ ಬೇಕಾದಷ್ಟಿವೆ. ಆದರೆ ರಜೆಯಲ್ಲಿ ಧಾರವಾಡದಿಂದ ಬರಲಿದ್ದ ನನ್ನ ಅಜ್ಜಿಗೆ ಇಂಗ್ಲಿಷ್ ಅಷ್ಟಾಗಿ ಬಾರದು. ಆದ್ದರಿಂದ ನಮ್ಮ ಮನೆಯಿರುವ ಪಂಗಾನಿಯಿಂದ ನೈರೋಬಿಯ ಪೇಟೆಯವರೆಗೆ ಕನ್ನಡದಲ್ಲೇ ಒಂದು ನಡಿಗೆ ಮಾಡೋಣ ಎಂದುಕೊಂಡೆ.

ಮೊದಲು ಬರೆದ ಕರಡು ರೈಲಿನಿಂದ ಶುರುವಾಗುತ್ತಿತ್ತು. ನೈರೋಬಿಯ ಕತೆಯನ್ನು ಎಲ್ಲರೂ ಹಾಗೇ ಹೇಳುತ್ತಾರೆ. ಮೊಂಬಾಸಾದಿಂದ ಹೊರಟ ರೈಲು ಹಳಿ 1899ರ ಮೇ ತಿಂಗಳ ಕೊನೆಗೆ ಇಲ್ಲಿಗೆ ತಲುಪಿತು. ಮಾಸಾಯಿ ಜನ ತಮ್ಮ ಭಾಷೆಯಲ್ಲಿ ತಣ್ಣೀರಿನ ಜಾಗ ಎಂದು ಕರೆಯುತ್ತಿದ್ದ ಜೌಗು ನೆಲದಲ್ಲಿ ರೈಲ್ವೆ ಶಿಬಿರ ಎದ್ದಿತು. ಆ ಹಳಿ ಹಾಕಲು 1896ರಿಂದ 1901ರವರೆಗೆ ಇಂಡಿಯಾದಿಂದ ಸುಮಾರು 32,000 ಕೂಲಿಗಳನ್ನು ಕರೆತಂದರು. ಅವರಲ್ಲಿ ಸುಮಾರು 2,500 ಜನ ಇಲ್ಲಿಯೇ ಸತ್ತರು. ಇದನ್ನೆಲ್ಲ ಬರೆದು, ಓದಿ, ರೆಕಾರ್ಡ್ ಮಾಡಿ, ನಮ್ಮ ಅಪಾರ್ಟ್‌ಮೆಂಟಿನ ಕಾವಲುಗಾರರಿಗೆ ಸ್ವಾಹಿಲಿಯಲ್ಲಿ ಹೆಮ್ಮೆಯಿಂದ ವಿವರಿಸಿದೆ. ಹಿರಿಯರಾದ್ದರಿಂದ ನಾವೆಲ್ಲ ಅವರನ್ನು ಮ್ಜೀ ಎಂದೇ ಕರೆಯುತ್ತೇವೆ.

ಮ್ಜೀ ಪೂರ್ತಿ ಕೇಳಿಸಿಕೊಂಡು, "ಚೆನ್ನಾಗಿದೆ. ಆದರೆ ನೀನು ನಿಂತಿರುವ ಈ ಜಾಗದ ಕತೆ ಎಲ್ಲಿ? ನನ್ನ ಅಜ್ಜಿಯ ಮನೆ ಇಲ್ಲೇ ಪಂಗಾನಿಯಲ್ಲಿ ಇತ್ತು" ಎಂದರು.

ನಾನು ಹುಟ್ಟಿದಾಗಿನಿಂದ ಇಲ್ಲೇ ಇದ್ದೇನೆ. ಆದರೂ ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ಓದಿ ತಿಳಿದುಕೊಂಡದ್ದು ಇದು.

ನೈರೋಬಿ ಹುಟ್ಟಿದ ಆರಂಭದ ವರ್ಷಗಳಲ್ಲಿ ಊರಿನ ಸುತ್ತ ಆಫ್ರಿಕನ್ನರು ತಾವೇ ಕಟ್ಟಿಕೊಂಡ ಕೆಲವು ಹಳ್ಳಿಗಳಿದ್ದವು. ಅವುಗಳಲ್ಲಿ ಪಂಗಾನಿ ದೊಡ್ಡದು. ಕರಾವಳಿಯಿಂದ ಬಂದ ಸ್ವಾಹಿಲಿ ವ್ಯಾಪಾರಿಗಳು, ಹೊರೆ ಹೊರುವವರು, ಕೆಲಸ ಹುಡುಕಿ ಬಂದ ಒಳನಾಡಿನ ಜನ ಇಲ್ಲಿ ನೆಲೆಸಿದ್ದರು. ಕೋಲುಗಳನ್ನು ಹೆಣೆದು ಮಣ್ಣು ಮೆತ್ತಿದ ಗೋಡೆ, ಹುಲ್ಲಿನ ಚಾವಣಿ ಅಥವಾ ಸೀಮೆಎಣ್ಣೆ ಡಬ್ಬಿಗಳನ್ನು ಬಡಿದು ಚಪ್ಪಟೆ ಮಾಡಿದ ತಗಡಿನ ಚಾವಣಿ. ಒಂದೇ ಮನೆಯಲ್ಲಿ ಹಲವು ಕೋಣೆಗಳು. ಒಂದೊಂದು ಕೋಣೆಯೂ ಬಾಡಿಗೆಗೆ. ನನಗೆ ಅಚ್ಚರಿ ತಂದ ಸಂಗತಿಯೆಂದರೆ, ಈ ಮನೆಗಳ ಒಡೆಯರಲ್ಲಿ ಹೆಂಗಸರೂ ಬಹಳ ಮಂದಿ ಇದ್ದರು. ಹಳ್ಳಿಯಲ್ಲಿ ಹೆಣ್ಣಿಗೆ ಸಿಗದಿದ್ದ ಆಸ್ತಿಯನ್ನು ಅವರು ಈ ಹೊಸ ಪಟ್ಟಣದಲ್ಲಿ ತಾವೇ ದುಡಿದು ಮಾಡಿಕೊಂಡಿದ್ದರು.

ವಸಾಹತು ಸರ್ಕಾರಕ್ಕೆ ಈ ಹಳ್ಳಿಗಳು ಬೇಡವಾಗಿದ್ದವು. ಆಗಿನ ನೈರೋಬಿಯನ್ನು ಬಣ್ಣ ನೋಡಿ ಹಂಚಲಾಗಿತ್ತು. ಎತ್ತರದ, ತಂಪಾದ ಜಾಗ ಬಿಳಿಯರಿಗೆ. ಪಾರ್ಕ್‌ಲ್ಯಾಂಡ್ಸ್, ಎನ್ಗಾರಾದಂಥ ಕಡೆ ಭಾರತೀಯರಿಗೆ. ಪೂರ್ವದ ಬಯಲು ಆಫ್ರಿಕನ್ನರಿಗೆ. 1920ರ ದಶಕದ ಮೊದಲಲ್ಲಿ ಆಫ್ರಿಕನ್ನರಿಗೆಂದು ಪುಮ್ವಾನಿ ಬಡಾವಣೆ ಆದ ಮೇಲೆ ಉಳಿದ ಹಳ್ಳಿಗಳನ್ನು ಒಂದೊಂದಾಗಿ ಕೆಡವಿದರು. ಪಂಗಾನಿ ಮಾತ್ರ ಬಹಳ ಕಾಲ ತಡೆದುಕೊಂಡಿತು. ಕೊನೆಗೆ 1930ರ ದಶಕದ ಅಂತ್ಯದಲ್ಲಿ, ಮನೆ ಕಳೆದುಕೊಳ್ಳುವವರಿಗಾಗಿ ಶೌರಿ ಮೋಯೊ ಎಂಬ ಬಡಾವಣೆ ಕಟ್ಟಿ, ಪಂಗಾನಿಯನ್ನು ನೆಲಸಮ ಮಾಡಿದರು. ಮೋಯೊ ಎಂದರೆ ಸ್ವಾಹಿಲಿಯಲ್ಲಿ ಹೃದಯ. ಹೃದಯದ ವಿಚಾರ ಎಂಬ ಅರ್ಥದ ಆ ಹೆಸರನ್ನು ಮ್ಯಾಟಟು ಫಲಕಗಳ ಮೇಲೆ ನಾನು ಎಷ್ಟೋ ಸಲ ಓದಿದ್ದೆ. ಅದಕ್ಕೂ ನಮ್ಮ ಪಂಗಾನಿಗೂ ಇರುವ ನಂಟು ಗೊತ್ತಿರಲಿಲ್ಲ.

ಆಮೇಲೆ ಇಲ್ಲಿ ಮನೆ ಮಾಡಿದವರಲ್ಲಿ ಹೆಚ್ಚಿನವರು ಭಾರತೀಯರು. ನಮ್ಮ ಕುಟುಂಬ ಬಂದದ್ದು ತೀರಾ ಈಚೆಗೆ. ಯಾರನ್ನೂ ನಾವು ಎಬ್ಬಿಸಿಲ್ಲ. ಆದರೆ ಯಾರನ್ನೋ ಎಬ್ಬಿಸಿದ ನೆಲದ ಮೇಲೆ ನಮ್ಮ ಮನೆಯಿದೆ ಎಂಬುದು ಸುಳ್ಳಲ್ಲ. ಭಾರತೀಯರ ಕತೆ ಹೇಳುವಾಗ ನಾವು ರೈಲು ಹಳಿಯ ಕಷ್ಟವನ್ನು ಹೇಳುತ್ತೇವೆ, ಹೇಳಲೇಬೇಕು. ಇದನ್ನೂ ಹೇಳಬೇಕು ಎಂದು ನನಗೆ ಅನ್ನಿಸಿತು.

ಹಾಗಾಗಿ ನಡಿಗೆಯ ಮೊದಲ ನಿಲ್ದಾಣ ಬದಲಾಯಿತು. ಅಜ್ಜಿ ಬಂದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಹೊರಟೆವು. ನಮ್ಮ ಗೇಟಿನ ಮುಂದೆಯೇ ನನ್ನ ಧ್ವನಿ "ಇಲ್ಲಿ ನಿಲ್ಲಿ, ಸುತ್ತ ನೋಡಿ" ಎಂದಿತು. ಅಜ್ಜಿ ಅತ್ತಿತ್ತ ನೋಡಿ, "ಇಲ್ಲೇನೈತೋ ತಮ್ಮಾ ನೋಡಾಕ?" ಎಂದರು. ಏನೂ ಇಲ್ಲ, ಅದಕ್ಕೇ ನಿಲ್ಲಿಸಿದ್ದು ಎಂದೆ. ಅವರು ಪೂರ್ತಿ ಕೇಳಿದ ಮೇಲೆ ಮ್ಜೀ ಕಡೆ ತಿರುಗಿ ಕೈ ಮುಗಿದರು.

ಮುಂದಿನ ದಾರಿಯಲ್ಲಿ ನೋಡುವುದಕ್ಕೆ ಬೇಕಾದಷ್ಟಿದೆ. ಎನ್ಗಾರಾ ಕಡೆ ಉಳಿದಿರುವ ಕೆಲವು ಹಳೆಯ ಮನೆಗಳ ಮೇಲೆ ಕೆಂಪು ಹೆಂಚು ಕಾಣುತ್ತದೆ. ಆ ಮಾದರಿಯ ಹೆಂಚಿಗೆ ಕೀನ್ಯದಲ್ಲಿ ಇಂದಿಗೂ ಮ್ಯಾಂಗಲೋರ್ ಟೈಲ್ಸ್ ಎಂದೇ ಹೆಸರು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದರು. ನೇತ್ರಾವತಿ ತೀರದ ಜೇಡಿಮಣ್ಣಿನ ಹೆಂಚು ಹಡಗೇರಿ ಪೂರ್ವ ಆಫ್ರಿಕಕ್ಕೂ ಬಂತು. ಈಗ ಇಲ್ಲಿಯ ಮಣ್ಣಿನಲ್ಲೇ ಹೆಂಚು ಮಾಡುತ್ತಾರೆ, ಹೆಸರು ಮಾತ್ರ ನಮ್ಮದು. ಅಜ್ಜಿಗೆ ಇದು ಎಷ್ಟು ಇಷ್ಟವಾಯಿತೆಂದರೆ ಆ ತುಣುಕನ್ನು ಮೂರು ಸಲ ಹಾಕಿಸಿಕೊಂಡರು.

ಗ್ಲೋಬ್ ವೃತ್ತದಲ್ಲಿ ನನ್ನ ಧ್ವನಿ ಚರಿತ್ರೆ ಹೇಳುವುದಿಲ್ಲ. "ಇಯರ್‌ಫೋನ್ ತೆಗೆಯಿರಿ, ರಸ್ತೆ ದಾಟಿ" ಎಂದಷ್ಟೇ ಹೇಳುತ್ತದೆ. ಮೊದಲ ಸಲ ಪರೀಕ್ಷಿಸುವಾಗ ಬೋಡಾಬೋಡಾ ಒಂದು ಮೈ ಸವರಿಕೊಂಡು ಹೋದ ಮೇಲೆ ಸೇರಿಸಿದ ಸಾಲು ಅದು.

ಮೋಯಿ ಅವೆನ್ಯೂದಲ್ಲಿ 1920ರ ದಶಕದ ಆರಂಭದಲ್ಲಿ ಕಲ್ಲಿನಲ್ಲಿ ಕಟ್ಟಿದ ಖೋಜಾ ಮಸೀದಿಯಿದೆ. ಸ್ವಲ್ಪ ಮುಂದೆ ರಾಷ್ಟ್ರೀಯ ಪತ್ರಾಗಾರ; 1906ರ ಈ ಕಟ್ಟಡ ಮೊದಲು ನ್ಯಾಷನಲ್ ಬ್ಯಾಂಕ್ ಆಫ್ ಇಂಡಿಯಾದ್ದಾಗಿತ್ತು. ಒಳಗೆ ಜೋಸೆಫ್ ಮುರುಂಬಿಯವರ ಕಲಾ ಸಂಗ್ರಹವಿದೆ. 1966ರಲ್ಲಿ ಕೀನ್ಯದ ಉಪರಾಷ್ಟ್ರಪತಿಯಾಗಿದ್ದ ಅವರ ತಂದೆ ಗೋವಾದವರು, ತಾಯಿ ಮಾಸಾಯಿ. ಓದಿದ್ದು ಬೆಂಗಳೂರಿನಲ್ಲಿ ಮತ್ತು ಬಳ್ಳಾರಿಯಲ್ಲಿ! ಅವರು ತಮ್ಮ ಮನೆಯನ್ನು ಅಧ್ಯಯನ ಕೇಂದ್ರ ಮಾಡಬೇಕೆಂಬ ಆಸೆಯಿಂದ ಸರ್ಕಾರಕ್ಕೆ ಮಾರಿದ್ದರು. ಆ ಮನೆಯನ್ನೂ ಕೆಡವಿಬಿಟ್ಟರು. ಅವರ ಸಮಾಧಿ ಪಂಗಾನಿಗೆ ಹತ್ತಿರದ ಸಿಟಿ ಪಾರ್ಕಿನಲ್ಲಿದೆ.

ಕೊನೆಯ ನಿಲ್ದಾಣ ಬಂಡಾ ರಸ್ತೆ. ಒಂದು ಕಡೆ 1925ರಿಂದ 1933ರವರೆಗೆ ಕಟ್ಟಿದ ಜಾಮಿಯಾ ಮಸೀದಿ, ಮೂರು ಗುಮ್ಮಟ, ಎರಡು ಮಿನಾರು. ಎದುರಿಗೆ 1931ರ ಮೆಕ್‌ಮಿಲನ್ ಗ್ರಂಥಾಲಯ, ದೊಡ್ಡ ಕಂಬಗಳು, ಬಾಗಿಲಲ್ಲಿ ಕಲ್ಲಿನ ಸಿಂಹಗಳು. ಮೊದಲ ಕರಡಿನಲ್ಲಿ ಕಂಬಗಳ ಅಂದವನ್ನಷ್ಟೇ ಹೊಗಳಿದ್ದೆ. 1958ರವರೆಗೆ ಅಲ್ಲಿ ಬಿಳಿಯರಿಗೆ ಮಾತ್ರ ಪ್ರವೇಶವಿತ್ತು ಎಂಬುದನ್ನು ಆಮೇಲೆ ಸೇರಿಸಿದೆ. ಈಗ ಅಲ್ಲಿ ಶಾಲಾ ಮಕ್ಕಳು ಕೂತು ಓದುತ್ತಾರೆ. ಅಜ್ಜಿಯೂ ಒಳಗೆ ಹೋಗಿ ಹತ್ತು ನಿಮಿಷ ಕೂತು ಬಂದರು.

ಕಲ್ಲಿನಲ್ಲಿ ಕಟ್ಟಿದ್ದು ಉಳಿಯುತ್ತದೆ, ಮಣ್ಣಿನಲ್ಲಿ ಕಟ್ಟಿದ್ದು ಹೋಗುತ್ತದೆ. ಉಳಿದ ಕಟ್ಟಡಗಳನ್ನು ಮಾತ್ರ ನೋಡಿ ಊರಿನ ಚರಿತ್ರೆ ಬರೆದರೆ ದುಡ್ಡು, ಅಧಿಕಾರ ಇದ್ದವರ ಚರಿತ್ರೆಯಷ್ಟೇ ಸಿಗುತ್ತದೆ. ಕಣ್ಣಿಗೆ ಕಾಣದ್ದನ್ನು ಹೇಳಲು ಮಾತು ಬೇಕು. ಆಡಿಯೋ ನಡಿಗೆಯಿಂದ ನಾನು ಕಲಿತದ್ದು ಇದನ್ನೇ.

ಮ್ಜೀಯವರ ಮಾತುಗಳನ್ನು ಅವರ ಒಪ್ಪಿಗೆ ಪಡೆದು, ಅವರ ಧ್ವನಿಯಲ್ಲೇ ಸ್ವಾಹಿಲಿಯಲ್ಲಿ ಮುದ್ರಿಸಿಕೊಂಡಿದ್ದೇನೆ. ಮೊದಲ ನಿಲ್ದಾಣದಲ್ಲಿ ಈಗ ಮೊದಲು ಕೇಳುವುದು ಅವರ ಧ್ವನಿ, ಆಮೇಲೆ ನನ್ನ ಕನ್ನಡ. ಪೋಷಕರೂ ಒಂದು ಭಾನುವಾರ ಬಿಡುವು ಮಾಡಿಕೊಂಡು ನಡೆಯಬೇಕೆಂದು ಕೇಳಿಕೊಳ್ಳುತ್ತೇನೆ. ಗ್ಲೋಬ್ ವೃತ್ತದಲ್ಲಿ ಮಾತ್ರ ಇಯರ್‌ಫೋನ್ ತೆಗೆಯಲು ಮರೆಯಬೇಡಿ.